ಹನ್ನೊಂದು ಚೌಕ

ದಾದರ್ ಸ್ಟೇಷನ್ನಿನ ಸೇತುವೆಯ ಕೆಳಗೆ, ನಿಂಬೆಹಣ್ಣಿನವಳ ಪಕ್ಕ
ಟಾರ್ಪಾಲಿನ ಮೇಲೆ ಹರವಿದ್ದ ಡಿವಿಡಿಗಳಲ್ಲಿ
ಅವಳ ಮುಖ ಸಿಕ್ಕಿತು, ಎಪ್ಪತ್ತು ರೂಪಾಯಿಗೆ.
ಅರುವತ್ತಕ್ಕೆ ಕೊಡು ಎಂದೆ. ಕೊಟ್ಟ.
ಕವರಿನ ಮೇಲೆ ಬರೆದಿತ್ತು:
ಹೊಸದಾಗಿ ತೊಳೆದದ್ದು, ಗೀರಿಲ್ಲದ್ದು, ಸಂಪೂರ್ಣ.

ಸಂಪೂರ್ಣ ಎಂಬ ಮಾತಿಗೆ ಅಲ್ಲೇ ನಿಂತು ನಕ್ಕೆ.
ನಿಂಬೆಹಣ್ಣಿನವಳು ತಲೆಯೆತ್ತಿ ನೋಡಿದಳು.

ಪರೇಲಿನ ಟಾಕೀಸಿನಲ್ಲಿ ನಾನು ಡಿಮೆಲ್ಲೊ ಸಾಹೇಬರ ಕೈಕೆಳಗೆ
ರೀಲು ಸುತ್ತುವ ಹುಡುಗ. ಹಗಲೂ ಸುತ್ತುವುದು, ಇರುಳೂ ಸುತ್ತುವುದು,
ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಚಕ್ಕರ್ ಹೊಡೆದು.
ಕಾರ್ಬನ್ ಕಡ್ಡಿ ಉರಿದರೆ ಕೋಣೆಯೆಲ್ಲ ಕಮ್ಮಾರಸಾಲೆ;
ಗೋಡೆಯ ಕಿಂಡಿಯಿಂದ ಹೊರಟ ಬೆಳಕಿನೊಳಗೆ
ಮಿಲ್ಲಿನವರ ಬೀಡಿಹೊಗೆ ನಿಧಾನ ಈಜುತ್ತಿತ್ತು.

ಕತೆ ನಿಮಗೆ ಗೊತ್ತು, ಅಥವಾ ಇಂಥದೇ ಒಂದು ಗೊತ್ತಿರುತ್ತದೆ:
ಅವನು ಪಿಟೀಲು ರಿಪೇರಿಯವನು, ಅವಳಿಗೆ ಬೇರೆ ಕಡೆ ನಿಶ್ಚಯವಾಗಿದೆ.
ಕೊನೆಗೆ ಟ್ರಾಮು ಹತ್ತುತ್ತಾಳೆ. ಹತ್ತಿದವಳು ಒಮ್ಮೆ ತಿರುಗುತ್ತಾಳೆ.
ಅಷ್ಟೇ. ಆ ಒಂದು ತಿರುಗುವುದಕ್ಕೆ ಇಪ್ಪತ್ತೊಂದು ವಾರ ಓಡಿತು.
ಹೆಗಲ ಮೇಲೆ ಹತ್ತಿಯ ನವಿರು ಹೊತ್ತೇ ಬಂದ ಗಂಡಸರು
ಕತ್ತಲಲ್ಲಿ ಮೂಗು ಸೀಟುವುದು ನನಗೆ ಮೇಲಕ್ಕೂ ಕೇಳಿಸುತ್ತಿತ್ತು.

ಹೆಂಗಸರ ಕಿಟಕಿಯಲ್ಲಿ ಟಿಕೇಟು ಹರಿಯುತ್ತಿದ್ದವಳು ವಾರಿಜ.
ಮುಲ್ಕಿ ಕಡೆಯವಳು, ಅಪ್ಪ ಮಜಗಾಂವ್ ಡಾಕಿನಲ್ಲಿ.
ಇಪ್ಪತ್ತೊಂದು ವಾರ ಆ ಚಿತ್ರ ಅವಳ ಬೆನ್ನ ಹಿಂದೆ ಓಡಿತು;
ಕೇಳಿದಳು, ನೋಡಲಿಲ್ಲ.
ಟ್ರಾಮಿನ ಗಂಟೆ ಬಾರಿಸುವ ಹೊತ್ತಿಗೆ ಅವಳದು
ಮುಂದಿನ ಆಟದ ಚಿಲ್ಲರೆ ಎಣಿಕೆ.
“ಅವಳು ತಿರುಗುವಾಗ ಮೊದಲು ಕುತ್ತಿಗೆಯಾ, ಕಣ್ಣಾ?”
ಒಂದು ದಿನ ತುಳುವಿನಲ್ಲಿ ಕೇಳಿಯೇಬಿಟ್ಟಳು.
ನಾನು ಮುನ್ನೂರು ಸಲ ನೋಡಿದ್ದೆ. ಹೇಳಲಾಗಲಿಲ್ಲ.

ಆ ರಾತ್ರಿ ಬ್ಲೇಡು ತೆಗೆದೆ.
ಎಣಿಸಿ ಹನ್ನೊಂದು ಚೌಕ. ಅರ್ಧ ಸೆಕೆಂಡಿಗೂ ಕಮ್ಮಿ.
ಅಂಚು ಕೆರೆದು, ಫಿಲ್ಮ್ ಸಿಮೆಂಟು ಸವರಿ, ಉಸಿರು ಹಿಡಿದು ಅಂಟಿಸಿದೆ.
ಮರುದಿನ ಡಿಮೆಲ್ಲೊ, “ಏನೋ ಎಗರಿತಲ್ಲ?”
“ಹಳೇ ಪ್ರಿಂಟು ಸಾರ್.”
ಹಳೇ ಪ್ರಿಂಟಿಗೆ ಆಗಿನ್ನೂ ನಾಲ್ಕು ತಿಂಗಳು.

ಬಸ್ಸಿನ ಟಿಕೇಟಿನಲ್ಲಿ ಸುತ್ತಿ ಕೊಟ್ಟೆ.
ಒಂದು ಕಣ್ಣು ಮುಚ್ಚಿ ಕೌಂಟರಿನ ಬಲ್ಬಿಗೆ ಹಿಡಿದಳು,
ಒಂದೊಂದೇ ಚೌಕ ಬೆರಳಲ್ಲಿ ಸರಿಸುತ್ತ.
ಕಿಂಡಿಯಾಚೆ ಸಾಲಿನ ಹೆಂಗಸರು ಮರಾಠಿಯಲ್ಲಿ ಬೈಯುತ್ತಿದ್ದರು.
“ಕಣ್ಣು,” ಎಂದಳು. “ಮೊದಲು ಕಣ್ಣು.”

ನಮ್ಮಿಬ್ಬರ ನಡುವೆ ನಡೆದದ್ದು ಇಷ್ಟೇ, ಬೇಕಾದರೆ ಆಣೆ ಹಾಕುತ್ತೇನೆ.
ದೀಪಾವಳಿಗೆ ಮೊದಲು ಅವಳ ಮದುವೆ, ಭರೂಚಿನ ಕ್ಯಾಂಟೀನಿನವರಿಗೆ.
ಚೌಕಗಳು ವಾಪಸು ಬರಲಿಲ್ಲ. ನಾನೂ ಕೇಳಲಿಲ್ಲ.

ಡಿವಿಡಿಯೊಳಗಿನ ಚೀಟಿ ಹೇಳುತ್ತದೆ, ನೆಗೆಟಿವ್ ಸುಟ್ಟುಹೋಯಿತಂತೆ,
ಜಗತ್ತಿನಲ್ಲಿ ಉಳಿದದ್ದು ಒಂದೇ ಪ್ರಿಂಟಂತೆ,
ತಾಡದೇವದ ಗೋದಾಮಿನಲ್ಲಿ, ಇಲಿಹಿಕ್ಕೆಯ ಕೆಳಗೆ.

ನಾಲಾಸೋಪಾರದ ಮನೆಯಲ್ಲಿ ಹಾಕಿ ಕೂತೆ.
ಜಲಜಾಕ್ಷಿ ನೆಲದ ಮೇಲೆ ಬೂತಾಯಿ ತಲೆ ಚಿವುಟುತ್ತಿದ್ದಳು.
ಪಿಟೀಲು ಬಂತು, ಮಳೆ ಬಂತು, ಟ್ರಾಮಿನ ಗಂಟೆ ಬಂತು,
ಅವಳ ಬೆನ್ನು, ಜಡೆ, ಕಂಬಿ ಹಿಡಿದ ಕೈ,

ಮುಖ.

ತಿರುಗಿದ್ದು ಇದೆ, ತಿರುಗುವುದು ಇಲ್ಲ.
“ಕರೆಂಟು ಹೋಗಿ ಬಂತಾ?” ಎಂದಳು ಜಲಜಾಕ್ಷಿ.
ಹ್ಞೂಂ ಎಂದೆ.

ಹಿಂದಕ್ಕೋಡಿಸಿ ನಿಲ್ಲಿಸಿದೆ: ಬೆನ್ನು. ಮತ್ತೆ ಒತ್ತಿದೆ: ಮುಖ.
ಧೂಳು ಒರೆಸಿದ್ದಾರೆ, ಕೂದಲೆಳೆ ಹೆಕ್ಕಿದ್ದಾರೆ,
ನನ್ನ ಬೆಸುಗೆ ಮಾತ್ರ ಯಾವ ಯಂತ್ರಕ್ಕೂ ಬಗ್ಗಿಲ್ಲ.
ಇನ್ನು ಎಲ್ಲಿ ಯಾರು ನೋಡಿದರೂ ಅವಳು ಹೀಗೇ,
ತಯಾರಿಯಿಲ್ಲದೆ, ಒಮ್ಮೆಲೇ.
ಅದೇ ಚೆಂದ ಎನ್ನುವವರೂ ಇರಬಹುದು.

“ಕಣ್ಣು ಮೊದಲು,” ಎಂದೆ, ಯಾರೂ ಕೇಳದಿದ್ದರೂ.
ಜಲಜಾಕ್ಷಿ ಮೀನಿನ ತಲೆಗಳನ್ನು ಬೆಕ್ಕಿಗೆಸೆದು
ಕೈ ತೊಳೆಯಲು ಎದ್ದಳು.